ಕಬ್ಬಿನ ಗಾಡಿ ಮತ್ತು ಕಾರ್ಖಾನೆ: ಏಕಸಂಬಿ ಸೀಮೆಯ ಸಾಗಣೆ ಗುತ್ತಿಗೆಯ ಇತಿಹಾಸ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಏಕಸಂಬಿ ಮತ್ತು ಅದರ ಸುತ್ತಲಿನ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಕಬ್ಬಿನ ಸೀಮೆ. ಇಲ್ಲಿ ಬೆಳೆದ ಕಬ್ಬನ್ನು ಕಡಿದು, ಹೇರಿ, ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ತಂದು ನಿಲ್ಲಿಸುವವನು ಸಾಮಾನ್ಯವಾಗಿ ರೈತನಲ್ಲ, ಕಾರ್ಖಾನೆಯ ನೌಕರನೂ ಅಲ್ಲ. ಆ ಕೆಲಸ ಕಟಾವು ಮತ್ತು ಸಾಗಣೆ ಗುತ್ತಿಗೆದಾರನದು. ಉತ್ತರ ಪ್ರದೇಶದಲ್ಲಿ ರೈತ ಪರ್ಚಿ (ಸರದಿ ಚೀಟಿ) ಹಿಡಿದು ತನ್ನ ಕಬ್ಬನ್ನು ತಾನೇ ಕಾರ್ಖಾನೆಗೋ ಖರೀದಿ ಕೇಂದ್ರಕ್ಕೋ ಒಯ್ಯುತ್ತಾನೆ. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕಾರ್ಖಾನೆಯೇ ಗುತ್ತಿಗೆದಾರನನ್ನು ಗೊತ್ತುಮಾಡುತ್ತದೆ, ಅವನ ಜೊತೆ ಕರಾರು ಮಾಡಿಕೊಳ್ಳುತ್ತದೆ, ಅವನ ಬಿಲ್ಲು ಕೊಡುತ್ತದೆ. ಆ ಬಿಲ್ಲಿನ ಹಣ ಮಾತ್ರ ರೈತನ ಕಬ್ಬಿನ ದರದಿಂದ ಕಡಿತವಾಗುತ್ತದೆ. ಹಣ ತೆರುವವನಿಗೆ ಕರಾರಿಲ್ಲ, ಕರಾರು ಮಾಡಿಕೊಂಡವನು ಹಣ ತೆರುವುದಿಲ್ಲ. ಗುತ್ತಿಗೆದಾರನಿಗೂ ಕಾರ್ಖಾನೆಗೂ ನಡುವಿನ ಬಲಾಬಲ ಕಳೆದ ಎಂಟು ದಶಕಗಳಲ್ಲಿ ಯಾವ ಕಡೆಗೆ ವಾಲಿದರೂ ಈ ಏರ್ಪಾಡಿನ ಒಳಗೇ ವಾಲಿದೆ.

ಗಾಣದ ಕಾಲ

ಕಾರ್ಖಾನೆಗಳು ಬರುವ ಮೊದಲು ಕಬ್ಬು ದೂರ ಹೋಗುತ್ತಿರಲಿಲ್ಲ. ಹೊಲದ ಬದುವಿನಲ್ಲೋ ಊರ ಅಂಚಿನಲ್ಲೋ ಗಾಣ ಹೂಡಿ ರಸ ತೆಗೆದು, ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುತ್ತಿದ್ದರು. ಪೇಟೆಗೆ ಹೋಗುತ್ತಿದ್ದದ್ದು ಬೆಲ್ಲ. ಛತ್ರಪತಿ ಶಾಹು ಮಹಾರಾಜರು 1895ರಲ್ಲಿ ಕೊಲ್ಲಾಪುರದಲ್ಲಿ ಸ್ಥಾಪಿಸಿದ ಶಾಹುಪುರಿ ಪೇಟೆ ಈ ಭಾಗದ ಬೆಲ್ಲಕ್ಕೆ ದೊಡ್ಡ ಆಸರೆಯಾಯಿತು. ಸಂಕೇಶ್ವರ, ಮಹಾಲಿಂಗಪುರದ ಪೇಟೆಗಳೂ ಬೆಲ್ಲಕ್ಕೆ ಹೆಸರಾಗಿದ್ದವು. ನಿಪ್ಪಾಣಿಯ ಬಂಡಿಗಳು ತಂಬಾಕು ಹೇರಿಕೊಂಡು ಅದೇ ದಾರಿಗಳಲ್ಲಿ ಓಡಾಡುತ್ತಿದ್ದವು.

ಬೆಲ್ಲವೂ ತಂಬಾಕೂ ಕೆಡದೆ ಕಾಯಬಲ್ಲ ಸರಕು. ದರ ಕುಸಿದರೆ ಎಂಟು ದಿನ ಮನೆಯಲ್ಲಿಟ್ಟು ಕಾಯಬಹುದು. ಬಾಡಿಗೆ ಹೊಂದದಿದ್ದರೆ ಬೇರೊಬ್ಬ ಬಂಡಿಕಾರನನ್ನು ಹುಡುಕಬಹುದು. ಬಂಡಿ ಹೊಡೆಯುವವನಿಗೂ ಬೇಸಾಯ ಇದ್ದೇ ಇತ್ತು, ಬಾಡಿಗೆ ಅವನಿಗೆ ಸುಗ್ಗಿ ಮುಗಿದ ಮೇಲಿನ ಉಪಸಂಪಾದನೆ. ಯಾರಿಗೂ ಅವಸರವಿಲ್ಲದ ಈ ವ್ಯವಹಾರದಲ್ಲಿ ಸಾಗಣೆದಾರನಿಗೆ ವಿಶೇಷ ಬಲವೂ ಇರಲಿಲ್ಲ, ವಿಶೇಷ ಭಯವೂ ಇರಲಿಲ್ಲ.

ಕಾರ್ಖಾನೆ ಬಂದಾಗ ಬದಲಾದದ್ದು ಈ ಕಾಲದ ಲೆಕ್ಕ. ಕಡಿದ ಕಬ್ಬು ಒಂದು ದಿನ ದಾಟಿದರೆ ಒಣಗತೊಡಗುತ್ತದೆ, ಅದರಲ್ಲಿನ ಸಕ್ಕರೆ ಅಂಶ ಒಡೆದು ಇಳುವರಿ ಇಳಿಯುತ್ತದೆ. ಎರಡು ಮೂರು ದಿನ ಬಿಸಿಲಿಗೆ ಬಿದ್ದರೆ ತೂಕವೂ ಹೋಗುತ್ತದೆ, ರಸವೂ ಕೆಡುತ್ತದೆ. ಅತ್ತ ಕಾರ್ಖಾನೆಯ ಗಿರಣಿ ಹಂಗಾಮಿನಲ್ಲಿ ಹಗಲಿರುಳು ತಿರುಗಬೇಕು. ಕಬ್ಬಿಲ್ಲದೆ ನಿಂತರೆ ಬಾಯ್ಲರಿನ ಉರಿ, ಕೂಲಿ, ಸಾಲದ ಬಡ್ಡಿ ಎಲ್ಲವೂ ನಷ್ಟದ ಲೆಕ್ಕಕ್ಕೆ ಸೇರುತ್ತವೆ. ಹೊಲದಿಂದ ಕಾಟಾಕ್ಕೆ ಸರಕು ತಲುಪಿಸುವ ಕೆಲವೇ ತಾಸುಗಳು ಹೀಗೆ ಇಡೀ ಉದ್ಯಮದ ನಾಡಿಯಾದವು. ಸಾಗಣೆ ಗುತ್ತಿಗೆದಾರನ ಬಲವೂ ದೌರ್ಬಲ್ಯವೂ ಹುಟ್ಟಿದ್ದು ಇಲ್ಲಿಂದ.

ಮೊದಲ ಕಾರ್ಖಾನೆಗಳು

ಭಾರತದ ಸಕ್ಕರೆ ಉದ್ಯಮಕ್ಕೆ 1932ರಲ್ಲಿ ಆಮದು ಸುಂಕದ ರಕ್ಷಣೆ ಸಿಕ್ಕಿತು. ಅದರ ಬೆನ್ನಿಗೇ ದೇಶದಾದ್ಯಂತ ಕಾರ್ಖಾನೆಗಳು ಎದ್ದವು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕೃಷ್ಣಾ ತೀರದ ಉಗಾರ ಖುರ್ದದಲ್ಲಿ ಶಿರಗಾಂವಕರ ಮನೆತನದವರು 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪಿಸಿದರು. ಈಗಿನ ಕಾಗವಾಡ ತಾಲೂಕಿಗೆ ಸೇರಿದ ಈ ಊರು ಮೀರಜ–ಬೆಳಗಾವಿ ರೈಲು ಮಾರ್ಗದ ಮೇಲಿದೆ. ಸಕ್ಕರೆ ಹೊರಗೆ ಹೋಗಲು ರೈಲು ಸಿಕ್ಕಿತು. ಕಬ್ಬು ಒಳಗೆ ಬರಲು ಎತ್ತಿನ ಗಾಡಿಯೇ ಗತಿ.

ಎತ್ತಿನ ಗಾಡಿಗೆ ದೂರದ ಮಿತಿ ಇತ್ತು. ಒಂದು ಜೋಡಿ ಎತ್ತು ಹೇರು ಹೊತ್ತು ಒಂದು ದಿನಕ್ಕೆ ಹೋಗಿಬರಬಹುದಾದಷ್ಟು ದೂರದ ಹೊಲಗಳು ಮಾತ್ರ ಕಾರ್ಖಾನೆಯ ಹಿಡಿತಕ್ಕೆ ಬರುತ್ತಿದ್ದವು. ಗಾಡಿ ಹೊಡೆಯುವವರು ಬಹುಪಾಲು ಸುತ್ತಲಿನ ಊರುಗಳ ರೈತರೇ. ಮರದ ಗಾಲಿಯ ಚಕ್ಕಡಿಯ ಜಾಗಕ್ಕೆ ರಬ್ಬರ್ ಟೈರಿನ ಗಾಡಿ ಬಂದಾಗ ಹೇರು ಹೆಚ್ಚಿತು, ಎತ್ತಿನ ಶ್ರಮ ಇಳಿಯಿತು. ಆದರೆ ಟೈರಿನ ಗಾಡಿಗೆ ಸಾಮಾನ್ಯ ರೈತನ ಕೈಯಲ್ಲಿ ಹಣವಿರಲಿಲ್ಲ. ಕಬ್ಬಿನ ಸೀಮೆಯ ಕಾರ್ಖಾನೆಗಳು ತಾವೇ ಗಾಡಿ ಕೊಳ್ಳಲು ಮುಂಗಡ ಕೊಟ್ಟವು, ಇಲ್ಲವೇ ತಮ್ಮ ಗಾಡಿಗಳನ್ನು ಹಂಗಾಮಿನ ಮಟ್ಟಿಗೆ ಕೊಟ್ಟು ಬಾಡಿಗೆ ಕಡಿದುಕೊಂಡವು. ಸಾಗಣೆಯ ಸಾಧನಕ್ಕೆ ಕಾರ್ಖಾನೆಯ ಹಣ, ಸಾಧನ ನಡೆಸುವವನ ಮೇಲೆ ಆ ಹಣದ ಋಣ ಎಂಬ ಪದ್ಧತಿ ಗಾಡಿಯ ಕಾಲದಲ್ಲೇ ಬೇರೂರಿತು. ಮುಂದೆ ವಾಹನಗಳು ಬದಲಾದರೂ ಪದ್ಧತಿ ಬದಲಾಗಲಿಲ್ಲ.

ಸಹಕಾರಿ ಯುಗ ಮತ್ತು ವಲಸೆಯ ಗ್ಯಾಂಗ್

ಆಗಿನ ಅಹ್ಮದನಗರ ಜಿಲ್ಲೆಯಲ್ಲಿ ವಿಠ್ಠಲರಾವ ವಿಖೆ ಪಾಟೀಲ ಮತ್ತು ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳ ಅವರ ಮುಂದಾಳ್ತನದಲ್ಲಿ ಹುಟ್ಟಿದ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆ 1950ರಲ್ಲಿ ಕಬ್ಬು ನುರಿಸತೊಡಗಿತು. ಮುಂಬಯಿ ಪ್ರಾಂತದ ಭಾಗವಾಗಿದ್ದ ಬೆಳಗಾವಿ ಜಿಲ್ಲೆಗೂ ಆ ಗಾಳಿ ಬೀಸಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ಸಹಕಾರಿ ಮಾದರಿ ಪಶ್ಚಿಮ ಮಹಾರಾಷ್ಟ್ರದ್ದೇ ಆಗಿ ಉಳಿಯಿತು. ಸಂಕೇಶ್ವರದಲ್ಲಿ ಅಪ್ಪಣಗೌಡ ಪಾಟೀಲರ ಮುಂದಾಳ್ತನದಲ್ಲಿ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ ಎದ್ದಿತು. ಕಾಲಕ್ರಮದಲ್ಲಿ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ರಾಯಬಾಗ ಸಹಕಾರಿ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳು ಬಂದವು. ದೂಧಗಂಗಾ ಕೃಷ್ಣಾ ಕಾರ್ಖಾನೆ ಈಗ ಚಿದಾನಂದ ಬಸಪ್ರಭು ಕೋರೆ ಅವರ ಹೆಸರಿನಲ್ಲಿದೆ.

ಏತ ನೀರಾವರಿ, ಹಿಡಕಲ್ ಅಣೆಕಟ್ಟೆಯ ಕಾಲುವೆ, ಕಾಳಮ್ಮವಾಡಿಯ ದೂಧಗಂಗಾ ಅಣೆಕಟ್ಟೆಯ ನೀರು ಇವೆಲ್ಲ ಸೇರಿ ಜೋಳ, ತಂಬಾಕಿನ ಹೊಲಗಳು ಕಬ್ಬಿನ ಗದ್ದೆಗಳಾದವು. ಬೆಳೆ ಹೆಚ್ಚಿದಷ್ಟೂ ಕಡಿಯುವ ಕೈಗಳು ಸಾಲದಾದವು. ಊರಿನ ಕೂಲಿಕಾರರಿಗೆ ವರ್ಷವಿಡೀ ಬೇರೆ ಕೆಲಸವಿತ್ತು. ಚಳಿಯ ನಾಲ್ಕೈದು ತಿಂಗಳು ಮಾತ್ರ ಬೇಕಾಗುವ, ನಸುಕಿನಿಂದ ರಾತ್ರಿಯವರೆಗೆ ಮೈಮುರಿಯುವ ಈ ಕೆಲಸಕ್ಕೆ ಬರನಾಡಿನವರೇ ಬೇಕಾದರು. ಮರಾಠವಾಡದ ಬೀಡ ಜಿಲ್ಲೆ, ಸಾಂಗಲಿಯ ಜತ್ತ, ವಿಜಯಪುರದ ಒಣ ತಾಲೂಕುಗಳು, ಅಥಣಿ ತಾಲೂಕಿನ ಪೂರ್ವದ ಮಳೆಯಾಶ್ರಿತ ಹಳ್ಳಿಗಳಿಂದ ಗಂಡ ಹೆಂಡತಿ ಜೋಡಿಯಾಗಿ ವಲಸೆ ಬರತೊಡಗಿದರು. 1972ರ ಭೀಕರ ಬರ ಈ ವಲಸೆಯನ್ನು ಪ್ರತಿವರ್ಷದ ಕಟ್ಟಳೆಯನ್ನಾಗಿಸಿತು.

ಕಬ್ಬಿನ ಲೆಕ್ಕದಲ್ಲಿ ಒಂದು ಜೋಡಿಗೆ ಒಂದು ಕೊಯ್ತಾ ಎಂಬ ಹೆಸರು. ಹತ್ತು ಹನ್ನೆರಡು ಕೊಯ್ತಾ ಸೇರಿದರೆ ಒಂದು ಗ್ಯಾಂಗ್, ಅಥವಾ ಟೋಳಿ. ಅದರ ಮುಂದಾಳು ಮುಕಾದಮ. ಒಂದು ಕೊಯ್ತಾ ದಿನಕ್ಕೆ ಸುಮಾರು ಎರಡು ಟನ್ ಕಡಿಯುತ್ತದೆಂದರೆ ಒಂದು ಗ್ಯಾಂಗಿನ ದಿನದ ದುಡಿಮೆ ಒಂದು ಹೇರಿಗೆ ಸರಿಹೊಂದುತ್ತದೆ. ಲಾರಿಗಳು, ಆಮೇಲೆ ಎರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ಬಂದಂತೆ ಈ ಲೆಕ್ಕವೇ ಗುತ್ತಿಗೆಯ ಅಳತೆಯಾಯಿತು: ಒಂದು ವಾಹನ, ಅದಕ್ಕೊಂದು ಗ್ಯಾಂಗ್, ಎರಡನ್ನೂ ಹೊಂದಿಸುವವನು ಒಬ್ಬ ಗುತ್ತಿಗೆದಾರ. ಗಾಡಿಯ ಕಾಲದಲ್ಲಿ ಸಾಗಿಸುವುದಷ್ಟೇ ಅವನ ಕೆಲಸವಾಗಿತ್ತು. ಈಗ ಕೂಲಿಕಾರರನ್ನು ಕರೆತರುವ ಹೊಣೆಯೂ ಅವನ ಹೆಗಲೇರಿತು. ಅವನ ಇಡೀ ಕಷ್ಟದ ಬೇರು ಈ ಬದಲಾವಣೆಯಲ್ಲಿದೆ.

ಕರಾರಿನ ಒಳಗು

ಹಂಗಾಮು ಆರಂಭವಾಗುವುದು ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ. ಕರಾರು ಮಾತ್ರ ಬೇಸಿಗೆಯಲ್ಲೇ ಆಗುತ್ತದೆ. ಗುತ್ತಿಗೆದಾರ ಛಾಪಾ ಕಾಗದದ ಮೇಲೆ ಸಹಿ ಹಾಕಿ, ಜಾಮೀನುದಾರರನ್ನು ತೋರಿಸಿ, ಭದ್ರತೆಗೆ ಸಹಿ ಮಾಡಿದ ಚೆಕ್ಕುಗಳನ್ನು ಕೊಟ್ಟು ಕಾರ್ಖಾನೆಯಿಂದ ಮುಂಗಡ ಪಡೆಯುತ್ತಾನೆ. ಬಹಳಷ್ಟು ಸಲ ಈ ಮುಂಗಡ ಬ್ಯಾಂಕಿನ ಸಾಲವಾಗಿರುತ್ತದೆ: ಸಾಲ ಗುತ್ತಿಗೆದಾರನ ಹೆಸರಿನಲ್ಲಿ, ಖಾತರಿ ಕಾರ್ಖಾನೆಯದು. ಟ್ರ್ಯಾಕ್ಟರಿನ ಕಂತು ಬೇರೆ. ಏಕಸಂಬಿಯಂಥ ಊರುಗಳಲ್ಲಿ ಸಹಕಾರಿ ಪತ್ತಿನ ಸಂಘಗಳು ಗಟ್ಟಿಯಾಗಿ ಬೆಳೆದಿವೆ. ಬಹುರಾಜ್ಯ ಸಂಸ್ಥೆಯಾದ ಶ್ರೀ ಬೀರೇಶ್ವರ ಸಹಕಾರಿ ಪತ್ತಿನ ಸಂಘದ ಕೇಂದ್ರವೂ ಏಕಸಂಬಿಯೇ. ಸಾಲ ಹುಟ್ಟುವುದು ಸುಲಭವಾದ ಕಡೆ ವಾಹನ ಕೊಳ್ಳುವುದೂ ಸುಲಭ. ಎರಡು ಮೂರು ಎಕರೆಯ ರೈತನ ಮಗ ಟ್ರ್ಯಾಕ್ಟರ್ ಕೊಂಡು ಕಾರ್ಖಾನೆಯ ಗುತ್ತಿಗೆಗೆ ಇಳಿಯುವುದು ಈ ಸೀಮೆಯಲ್ಲಿ ಸಾಮಾನ್ಯ ಜೀವನಮಾರ್ಗವಾಯಿತು.

ಕಾರ್ಖಾನೆಯಿಂದ ಪಡೆದ ಮುಂಗಡ ಗುತ್ತಿಗೆದಾರನ ಕೈಯಲ್ಲಿ ಉಳಿಯುವುದಿಲ್ಲ. ಮಳೆಗಾಲದ ಹೊತ್ತಿಗೆ ಅದು ಮುಕಾದಮನ ಮೂಲಕ ಕೊಯ್ತಾಗಳಿಗೆ ಹಂಚಿಹೋಗುತ್ತದೆ. ಮರಾಠಿ ಸೀಮೆಯಲ್ಲಿ ಇದಕ್ಕೆ ಉಚಲ್ ಎನ್ನುತ್ತಾರೆ. ಈಗ ಒಂದು ಕೊಯ್ತಾಕ್ಕೆ ಲಕ್ಷ ರೂಪಾಯಿಯ ಆಸುಪಾಸಿನ ಮುಂಗಡ ಸಾಮಾನ್ಯ. ಹತ್ತು ಕೊಯ್ತಾದ ಗ್ಯಾಂಗಿಗೆ ಹತ್ತು ಲಕ್ಷ. ಕೂಲಿಕಾರರ ಮನೆಯಲ್ಲಿ ಅದು ಮದುವೆಗೆ, ಆಸ್ಪತ್ರೆಗೆ, ಹಳೆಯ ಸಾಲಕ್ಕೆ ಖರ್ಚಾಗುತ್ತದೆ. ಹಂಗಾಮಿನಲ್ಲಿ ಕಡಿದ ಟನ್ನಿನ ಕೂಲಿಯಲ್ಲಿ ಆ ಹಣ ಮುರಿದುಹೋಗಬೇಕು. ಮಳೆ ಹೆಚ್ಚಾಗಿ ಹಂಗಾಮು ತಡವಾದರೆ, ಕಬ್ಬಿನ ಇಳುವರಿ ಬಿದ್ದರೆ, ಕಾರ್ಖಾನೆ ಬೇಗ ಮುಚ್ಚಿದರೆ ಮುರಿಯದ ಬಾಕಿ ಮುಂದಿನ ವರ್ಷಕ್ಕೆ ಸಾಲವಾಗಿ ಉಳಿಯುತ್ತದೆ.

ಗ್ಯಾಂಗ್ ಬರದೇ ಹೋದರೆ, ಅಥವಾ ನಡುವೆಯೇ ರಾತ್ರೋರಾತ್ರಿ ಹೊರಟುಹೋದರೆ ನಷ್ಟ ಗುತ್ತಿಗೆದಾರನದು. ಮುಕಾದಮನೊಬ್ಬ ಎರಡು ಮೂರು ಕಡೆ ಮುಂಗಡ ಪಡೆದು ಮಾಯವಾಗುವುದು ಗಡಿಯ ಎರಡೂ ಬದಿಯ ಗುತ್ತಿಗೆದಾರರಿಗೆ ಗೊತ್ತಿರುವ ಸಂಕಟ. ಬೇರೆ ಜಿಲ್ಲೆ, ಬೇರೆ ರಾಜ್ಯದ ಠಾಣೆಯಲ್ಲಿ ದೂರು ಕೊಟ್ಟು ಹಣ ವಾಪಸು ಪಡೆದವರು ಕಡಿಮೆ. ಕಾರ್ಖಾನೆಗೆ ಮಾತ್ರ ಗುತ್ತಿಗೆದಾರನ ಸಹಿ, ಚೆಕ್ಕು, ಜಾಮೀನು ಮೂರೂ ಕೈಯಲ್ಲಿರುತ್ತವೆ. ಚೆಕ್ ಅಮಾನ್ಯವಾದರೆ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಮೇಲಿನಿಂದ ಬರುವ ಹಣಕ್ಕೆ ಬಿಗಿಯಾದ ದಾಖಲೆ, ಕೆಳಗೆ ಹೋಗುವ ಹಣಕ್ಕೆ ಬರಿಯ ನಂಬಿಕೆ. ಇವೆರಡರ ನಡುವಿನ ಅಂತರವೇ ಗುತ್ತಿಗೆದಾರನ ಅಪಾಯ.

ಬಿಲ್ಲು ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಆಗುತ್ತದೆ. ಕಟಾವಿನ ಕೂಲಿ, ಅದರ ಮೇಲೆ ಶೇಕಡಾವಾರು ಕಮಿಷನ್, ದೂರದ ಹಂತಕ್ಕೆ ತಕ್ಕ ಸಾಗಣೆ ದರ ಇವು ಜಮೆ. ಮುಂಗಡದ ಕಂತು, ಬಡ್ಡಿ, ಕಾರ್ಖಾನೆಯ ಬಂಕಿನಿಂದ ಉದ್ರಿ ತುಂಬಿಸಿಕೊಂಡ ಡೀಸೆಲ್, ಠೇವಣಿ ಇವು ಕಡಿತ. ದರ ನಿಗದಿ ಮಾಡುವುದು ಕಾರ್ಖಾನೆ, ತೂಕ ಮಾಡುವುದು ಕಾರ್ಖಾನೆ, ಕಡಿತ ಬರೆಯುವುದೂ ಕಾರ್ಖಾನೆ. ಕಾಟಾದ ಬಗ್ಗೆ ರೈತನಿಗೆ ಇರುವ ಸಂಶಯ ಗುತ್ತಿಗೆದಾರನಿಗೂ ಇದೆ, ಏಕೆಂದರೆ ಅವನ ಕೂಲಿಯೂ ಬಾಡಿಗೆಯೂ ಅದೇ ಟನ್ನಿನ ಮೇಲೆ ನಿಂತಿವೆ.

ಗುತ್ತಿಗೆದಾರನ ಕೈ ಮೇಲಾದ ಕಾಲ

ಕೇಂದ್ರ ಸರ್ಕಾರದ 1966ರ ಕಬ್ಬು ನಿಯಂತ್ರಣ ಆದೇಶ ಪ್ರತಿ ಕಾರ್ಖಾನೆಗೂ ಮೀಸಲು ಪ್ರದೇಶ ಗೊತ್ತುಮಾಡಲು ಅವಕಾಶ ಕೊಟ್ಟಿತ್ತು. ಕಬ್ಬು ಎಲ್ಲಿಗೆ ಹೋಗಬೇಕೆಂಬುದು ಮೊದಲೇ ತೀರ್ಮಾನವಾಗಿದ್ದಾಗ ಗುತ್ತಿಗೆದಾರನಿಗೂ ಬೇರೆ ಬಾಗಿಲು ಇರಲಿಲ್ಲ. ಸಕ್ಕರೆ ಕಾರ್ಖಾನೆಗಳಿಗೆ ಪರವಾನಗಿ ಬೇಕೆಂಬ ಕಟ್ಟುಪಾಡನ್ನು 1998ರ ಆಗಸ್ಟಿನಲ್ಲಿ ಕೇಂದ್ರ ತೆಗೆದುಹಾಕಿತು. ಬೆಳಗಾವಿಯ ಮುರ್ಕುಂಬಿ ಮನೆತನದ ರೇಣುಕಾ ಶುಗರ್ಸ್ ಅದೇ ಹೊತ್ತಿಗೆ ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಆರಂಭವಾಗಿ ಮುಂದೆ ಅಥಣಿ ತಾಲೂಕಿಗೂ ಕಾಲಿಟ್ಟಿತು. ರಾಯಬಾಗದ ಸಹಕಾರಿ ಕಾರ್ಖಾನೆಯನ್ನು ಗುತ್ತಿಗೆಗೆ ಪಡೆಯಿತು. ಅಥಣಿ ಶುಗರ್ಸ್, ರಾಯಬಾಗ ತಾಲೂಕಿನ ಶಿವಶಕ್ತಿ ಶುಗರ್ಸ್, ಬೇಡಕಿಹಾಳದ ವೆಂಕಟೇಶ್ವರ ಕಾರ್ಖಾನೆ ಹೀಗೆ ಒಂದರ ಹಿಂದೊಂದು ಖಾಸಗಿ ಗಿರಣಿಗಳು ಬಂದವು. ಇಂದು ಬೆಳಗಾವಿ ಜಿಲ್ಲೆಯೊಂದರಲ್ಲೇ ಎರಡು ಡಜನ್ನಿಗೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕೆಂಬ ಕೇಂದ್ರದ ನಿಯಮ 2006ರಿಂದ ಇದೆ. ಆ ಅಂತರ ಒಂದು ಟ್ರ್ಯಾಕ್ಟರಿಗೆ ಒಂದು ತಾಸಿನ ದಾರಿ.

ಗಿರಣಿಗಳ ಗಾತ್ರವೂ ಬೆಳೆಯಿತು. ದಿನಕ್ಕೆ 10,000 ಟನ್ ನುರಿಸುವ ಕಾರ್ಖಾನೆಗೆ 20 ಟನ್ನಿನ ಹೇರಿನಂತೆ 500 ಹೇರು ಬೇಕು. ಅಂದರೆ ಹಗಲಿರುಳೆನ್ನದೆ ಮೂರು ನಿಮಿಷಕ್ಕೊಂದು ಟ್ರ್ಯಾಕ್ಟರ್ ಕಾಟಾ ಏರಬೇಕು. ಹೋಗಿ ಬರುವುದಕ್ಕೂ ಕೇನ್ ಯಾರ್ಡಿನಲ್ಲಿ ಸರತಿ ಕಾಯುವುದಕ್ಕೂ ತಗಲುವ ವೇಳೆ ಸೇರಿಸಿದರೆ ಇಷ್ಟು ಕಬ್ಬಿಗೆ ನೂರಾರು ಗುತ್ತಿಗೆದಾರರೂ ಸಾವಿರಾರು ಕೂಲಿಕಾರರೂ ಬೇಕು. ಎಲ್ಲ ಗಿರಣಿಗಳೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಚಾಲೂ ಆಗುತ್ತವೆ, ಎಲ್ಲಕ್ಕೂ ಅದೇ ಗ್ಯಾಂಗುಗಳು ಬೇಕು. ಬೀಡ, ವಿಜಯಪುರದ ಹೊಸ ತಲೆಮಾರು ಕಟ್ಟಡ ಕೆಲಸಕ್ಕೋ ನಗರಕ್ಕೋ ಹೊರಳಿದಂತೆ ಗ್ಯಾಂಗುಗಳ ಕೊರತೆ ಹೆಚ್ಚಿತು.

ಈ ಸ್ಪರ್ಧೆಯಲ್ಲಿ ಗುತ್ತಿಗೆದಾರನಿಗೆ ಮೊದಲ ಸಲ ಆಯ್ಕೆ ಸಿಕ್ಕಿತು. ಹೆಚ್ಚು ಮುಂಗಡ, ಹೆಚ್ಚು ಕಮಿಷನ್, ಯಾರ್ಡಿನಲ್ಲಿ ಬೇಗ ಖಾಲಿ ಮಾಡಿಕೊಡುವ ಭರವಸೆ ಕೊಡುವ ಕಾರ್ಖಾನೆಯ ಕಡೆಗೆ ಅವನು ಹೊರಳಬಹುದಾಯಿತು. ಗಡಿಯಾಚೆಯ ಕೊಲ್ಲಾಪುರ ಜಿಲ್ಲೆಯ ಗಿರಣಿಗಳು ಈ ಆಯ್ಕೆಯನ್ನು ಇನ್ನಷ್ಟು ಹಿಗ್ಗಿಸಿದವು. ಏಕಸಂಬಿಯಿಂದ ದೂಧಗಂಗೆ ದಾಟಿದರೆ ಶಿರೋಳ ತಾಲೂಕು. ಶಿರೋಳದ ದತ್ತ, ಹುಪರಿಯ ಜವಾಹರ, ಕಾಗಲ್‌ನ ಶಾಹು ಕಾರ್ಖಾನೆಗಳು ಟ್ರ್ಯಾಕ್ಟರಿನ ಓಟದೊಳಗೇ ಇವೆ. ದರ ಅಲ್ಲಿ ಮೇಲಾದಾಗ ಚಿಕ್ಕೋಡಿ, ನಿಪ್ಪಾಣಿ ಭಾಗದ ಕಬ್ಬು ಅತ್ತ ಹರಿಯುತ್ತದೆ, ಇಲ್ಲಿ ಮೇಲಾದಾಗ ಅತ್ತಲಿನದು ಇತ್ತ ಬರುತ್ತದೆ. ಹಂಗಾಮಿನ ಆರಂಭದಲ್ಲಿ ಹೊರರಾಜ್ಯಕ್ಕೆ ಕಬ್ಬು ಹೋಗದಂತೆ ತಡೆಯುವ ಮಾತು ಎರಡೂ ಕಡೆ ಏಳುತ್ತಿರುತ್ತದೆ.

ಆದರೆ ಈ ಬಲಕ್ಕೆ ಅವಧಿ ಚಿಕ್ಕದು. ಕರಾರಿಗೆ ಸಹಿ ಬೀಳುವ ಮುನ್ನ, ಮತ್ತು ಹಂಗಾಮು ಏರಿದ ಡಿಸೆಂಬರ್–ಜನವರಿಯಲ್ಲಿ ಗುತ್ತಿಗೆದಾರನ ಮಾತಿಗೆ ಬೆಲೆ. ಸಹಿ ಬಿದ್ದ ಮೇಲೆ ಮುಂಗಡದ ಋಣ ಅವನನ್ನು ಒಂದೇ ಕಾರ್ಖಾನೆಗೆ ಕಟ್ಟಿಹಾಕುತ್ತದೆ. ಫೆಬ್ರವರಿ ಕಳೆದು ಕಬ್ಬು ತೀರುತ್ತ ಬಂದಾಗ ಅವನ ಅಗತ್ಯವೂ ತೀರುತ್ತದೆ. ಕಾರ್ಖಾನೆಯ ಮೇಲೆ ತನ್ನ ಬಲವನ್ನು ಉಳಿಸಿಕೊಳ್ಳಲಾಗದ ಸಾಗಣೆ ವ್ಯವಸ್ಥೆ ಅದನ್ನು ರೈತನ ಮೇಲೆ ಹೊರಳಿಸಿದ್ದು ಈ ಇತಿಹಾಸದ ಕಹಿ ಅಧ್ಯಾಯ. ಕಟಾವಿನ ಕೂಲಿ ಕಬ್ಬಿನ ದರದಲ್ಲೇ ಕಡಿತವಾಗಿದ್ದರೂ ಕಬ್ಬು ಕಡಿಯುವ ಪಾಳಿ ಬೇಗ ಬರಲಿ ಎಂದು ರೈತ ಗ್ಯಾಂಗಿಗೆ ಬೇರೆ ಹಣ, ಚಾಲಕನಿಗೆ ಪ್ರತಿ ಖೇಪಿಗೆ ಎಂಟ್ರಿ ಎಂಬ ಹಣ ಕೊಡುವ ರೂಢಿ ಗಡಿಯ ಎರಡೂ ಕಡೆ ಬೆಳೆಯಿತು. ಹೂವು ಬಿಟ್ಟು ತೂಕ ಕಳೆದುಕೊಳ್ಳುತ್ತಿರುವ ಕಬ್ಬಿನ ಮುಂದೆ ನಿಂತ ಸಣ್ಣ ರೈತನಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಕ್ಕಿಂತ ಕಡಿಮೆ. ಕಾರ್ಖಾನೆ ತೆರದ ಹಣವನ್ನು ಅವನು ತೆರುತ್ತಾನೆ.

ಕಾನೂನಿನ ನೋಟ

ಕಬ್ಬಿನ ವ್ಯವಹಾರದ ಕಾನೂನುಗಳು ರೈತನನ್ನು ಹೆಸರಿಸಿವೆ. 1966ರ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇ 15ರಷ್ಟು ಬಡ್ಡಿ. 2009ರಲ್ಲಿ ಬಂದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ದರ. ಆದ್ದರಿಂದಲೇ ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಅದರಿಂದ ಕಳೆಯಲಾಗುತ್ತದೆ. 2025–26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ. ಅದರಲ್ಲಿ ಟನ್ನಿಗೆ ನೂರಾರು ರೂಪಾಯಿ ಸಾಗಣೆಯ ಲೆಕ್ಕಕ್ಕೆ ಹೋಗುತ್ತದೆ. ಎಲ್ಲ ಹೊಲಗಳ ವೆಚ್ಚವನ್ನೂ ಕೂಡಿಸಿ ಸರಾಸರಿ ಕಳೆಯುವ ಕಡೆ ಗಿರಣಿಯ ಪಕ್ಕದ ರೈತ 60 ಕಿಲೋಮೀಟರ್ ದೂರದ ಕಬ್ಬಿನ ಬಾಡಿಗೆಯಲ್ಲೂ ಪಾಲು ಹೊರುತ್ತಾನೆ. ದೂರದಿಂದ ಕಬ್ಬು ತರಲು ಕಾರ್ಖಾನೆಗಳು ಹಿಂಜರಿಯದಿರುವುದಕ್ಕೆ ಇದೂ ಒಂದು ಕಾರಣ. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆ ತಂದು, ಕಬ್ಬು ನಿಯಂತ್ರಣ ಮಂಡಳಿ ಸ್ಥಾಪಿಸಿ, ಕಾರ್ಖಾನೆಯ ಆದಾಯದಲ್ಲಿ ರೈತನ ಪಾಲಿನ ತತ್ತ್ವವನ್ನು ಒಪ್ಪಿತು. ಅದರ ಕೇಂದ್ರದಲ್ಲಿರುವವರು ರೈತ ಮತ್ತು ಕಾರ್ಖಾನೆ.

ಕಾರ್ಮಿಕ ಕಾನೂನುಗಳು ಕೂಲಿಕಾರನನ್ನು ಹೆಸರಿಸಿವೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ, 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಈ ಕೆಲಸಗಾರರಿಗೆ ನೇರವಾಗಿ ಸಂಬಂಧಿಸಿದ್ದವು; ಇವುಗಳಲ್ಲಿ 1970ರ ಮತ್ತು 1979ರ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿತು. ಮಹಾರಾಷ್ಟ್ರದಲ್ಲಿ ಕೂಲಿಕಾರರ ಸಂಘಗಳು ಮುಷ್ಕರ ಹೂಡಿ, ಸಕ್ಕರೆ ಕಾರ್ಖಾನೆಗಳ ಒಕ್ಕೂಟದೊಂದಿಗೆ ರಾಜ್ಯಮಟ್ಟದ ದರ ಒಪ್ಪಂದ ಮಾಡಿಕೊಳ್ಳುವ ಪರಂಪರೆ ಬೆಳೆಸಿದವು. ಬೀಡದ ಗೋಪಿನಾಥ ಮುಂಡೆ ಅದರ ಮುಖ್ಯ ನಾಯಕರಾಗಿದ್ದರು. 2024ರ ಜನವರಿಯಲ್ಲಿ ಶರದ್ ಪವಾರ್ ಮತ್ತು ಪಂಕಜಾ ಮುಂಡೆ ಅವರ ಮಧ್ಯಸ್ಥಿಕೆಯಲ್ಲಿ ಕಟಾವಿನ ಕೂಲಿ ಶೇ 34ರಷ್ಟು ಏರಿತು, ಮುಕಾದಮರ ಕಮಿಷನ್ ಶೇ 1ರಷ್ಟು ಹೆಚ್ಚಿತು. ಬೀಡದ ಗ್ಯಾಂಗ್ ಅಲ್ಲಿಯೂ ಇಲ್ಲಿಯೂ ದುಡಿಯುವುದರಿಂದ ಅಲ್ಲಿನ ಒಪ್ಪಂದದ ಬಿಸಿ ಬೆಳಗಾವಿಯ ಗಿರಣಿಗಳಿಗೂ ತಟ್ಟುತ್ತದೆ.

ಇವೆರಡರ ನಡುವೆ ಗುತ್ತಿಗೆದಾರನ ಸ್ಥಾನ ಮಸುಕಾಗಿದೆ. ಕಾರ್ಮಿಕ ಕಾನೂನಿನ ಕಣ್ಣಿಗೆ ಅವನು ಮಾಲೀಕ, ಕಾರ್ಖಾನೆಯ ಕಣ್ಣಿಗೆ ಸಾಲಗಾರ, ತೆರಿಗೆ ಇಲಾಖೆಯ ಕಣ್ಣಿಗೆ ಸೇವಾದಾರ. ಮಹಾರಾಷ್ಟ್ರದ ಅನೇಕ ಕಾರ್ಖಾನೆಗಳು ಈ ಕೆಲಸಕ್ಕೆ ಪ್ರತ್ಯೇಕ ಸಾಗಣೆ ಸಂಸ್ಥೆಗಳನ್ನು ಕಟ್ಟಿ, ಕೂಲಿಕಾರರಿಗೂ ತಮಗೂ ನೇರ ಸಂಬಂಧವಿಲ್ಲದಂತೆ ನೋಡಿಕೊಂಡವು. ಅಂಥ ಸಂಸ್ಥೆಗಳಿಗೆ ಮಾನವಶಕ್ತಿ ಪೂರೈಕೆಯ ಹೆಸರಿನಲ್ಲಿ ಸೇವಾ ತೆರಿಗೆ ಹಾಕಿದಾಗ ವ್ಯಾಜ್ಯ ಮೇಲ್ಮನವಿ ನ್ಯಾಯಮಂಡಳಿಗೂ ಮುಂಬಯಿ ಹೈಕೋರ್ಟಿಗೂ ಹೋಯಿತು. ಟನ್ನಿನ ಲೆಕ್ಕದಲ್ಲಿ ಕಬ್ಬು ಕಡಿದು ತಲುಪಿಸಿಕೊಡುವುದು ಆಳುಗಳನ್ನು ಒದಗಿಸುವ ಸೇವೆಯಲ್ಲ ಎಂಬ ನಿಲುವು ಅಲ್ಲಿ ಗೆದ್ದಿತು. ತೆರಿಗೆಯ ಮಟ್ಟಿಗೆ ಅದು ಗುತ್ತಿಗೆದಾರರಿಗೆ ನೆಮ್ಮದಿ ತಂದರೂ ಹಣ ಪಾವತಿಯ ಪ್ರಶ್ನೆ ಹಾಗೆಯೇ ಉಳಿಯಿತು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ನೋಂದಾಯಿತ ಸಣ್ಣ ಸೇವಾದಾರನ ಬಿಲ್ಲನ್ನು 45 ದಿನಗಳೊಳಗೆ ತೀರಿಸಬೇಕೆನ್ನುತ್ತದೆ. ಆದರೆ ಮುಂದಿನ ವರ್ಷದ ಗುತ್ತಿಗೆಗೂ ಅದೇ ಗಿರಣಿಯ ಮುಖ ನೋಡಬೇಕಾದವನಿಗೆ ಆ ದಾರಿ ಹಿಡಿಯುವುದು ಕಷ್ಟ.

ವಾಹನದ ವಿಮೆಯೂ ಇದೇ ಮಸುಕಿನ ಒಂದು ಮುಖ. ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರ್ಯಾಕ್ಟರ್ ಟ್ರೇಲರ್ ಬಾಡಿಗೆಗೆ ಓಡುವಾಗ ಅಪಘಾತವಾದರೆ ವಿಮಾ ಕಂಪನಿ ಹೊಣೆ ನಿರಾಕರಿಸಬಹುದು. ಪರಿಹಾರದ ಭಾರ ಮಾಲೀಕನ ಮೇಲೆ ಬೀಳುತ್ತದೆ. ಹಿಂದೀಪವಿಲ್ಲದ, ಮಿತಿಮೀರಿ ಹೇರಿದ ಟ್ರೇಲರುಗಳಿಂದ ಹಂಗಾಮಿನ ರಾತ್ರಿಗಳಲ್ಲಿ ಸಾವುನೋವು ಸಂಭವಿಸುತ್ತಲೇ ಇವೆ, ಪೊಲೀಸರು ಪ್ರತಿವರ್ಷ ಪ್ರತಿಫಲಕ ಪಟ್ಟಿ ಅಂಟಿಸುವ ಅಭಿಯಾನ ನಡೆಸುತ್ತಾರೆ. ಹೇರು ಹೆಚ್ಚಿದಷ್ಟೂ ಗಿರಣಿಗೆ ಅನುಕೂಲ, ಗುತ್ತಿಗೆದಾರನಿಗೂ ನಾಲ್ಕು ಕಾಸು ಹೆಚ್ಚು. ಅಪಾಯದ ಹೊಣೆ ಮಾತ್ರ ಒಬ್ಬನದೇ.

ಚಳವಳಿಗಳ ನಡುವೆ

ರೈತರಿಗೂ ಕಾರ್ಖಾನೆಗಳಿಗೂ ದರದ ಜಗಳ ಬಂದಾಗಲೆಲ್ಲ ಮೊದಲು ತಡೆಯುವುದು ಕಬ್ಬಿನ ಗಾಡಿಯನ್ನು. 2004ರಲ್ಲಿ ರಾಜು ಶೆಟ್ಟಿ ಸ್ಥಾಪಿಸಿದ ಸ್ವಾಭಿಮಾನಿ ಶೇತಕರಿ ಸಂಘಟನೆ ಪ್ರತಿವರ್ಷ ಜಯಸಿಂಗಪುರದಲ್ಲಿ ಕಬ್ಬಿನ ಪರಿಷತ್ತು ನಡೆಸಿ ದರದ ಬೇಡಿಕೆ ಇಡುತ್ತದೆ. ಅದರ ಪ್ರಭಾವ ಗಡಿಭಾಗದ ಚಿಕ್ಕೋಡಿ, ನಿಪ್ಪಾಣಿಯಲ್ಲೂ ಇದೆ. ದರ ಘೋಷಣೆಯಾಗುವವರೆಗೆ ಟ್ರ್ಯಾಕ್ಟರುಗಳನ್ನು ತಡೆದು ಟೈರಿನ ಗಾಳಿ ಬಿಡುವುದು ಚಳವಳಿಯ ಪರಿಚಿತ ರೀತಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ, ಕಟಾವು ಮತ್ತು ಸಾಗಣೆ ವೆಚ್ಚ ಕಳೆದು ಟನ್ನಿಗೆ 3,500 ರೂಪಾಯಿಗಾಗಿ ರೈತರು ಹಗಲುರಾತ್ರಿ ಕುಳಿತರು. ನವೆಂಬರ್ 7ರಂದು ಸರ್ಕಾರದ ಮಧ್ಯಸ್ಥಿಕೆಯಲ್ಲಿ 3,300 ರೂಪಾಯಿಗೆ ಒಪ್ಪಂದವಾಯಿತು. ಮುಂದಿನ ವಾರ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಕಾರ್ಖಾನೆಯ ಬಳಿ ಕಬ್ಬು ತುಂಬಿದ ಹತ್ತಾರು ಟ್ರೇಲರುಗಳು ಬೆಂಕಿಗೆ ಆಹುತಿಯಾದವು.

ರೈತನ ಬೇಡಿಕೆ ನ್ಯಾಯವಾದದ್ದು. ಆದರೂ ಗಿರಣಿ ನಿಂತ ದಿನಗಳಲ್ಲಿ ಗ್ಯಾಂಗಿನ ಊಟದ ಖರ್ಚು, ಚಾಲಕನ ಪಗಾರ, ಟ್ರ್ಯಾಕ್ಟರಿನ ಕಂತು ಗುತ್ತಿಗೆದಾರನ ಕೈಯಿಂದಲೇ ಹೋಗುತ್ತವೆ. ದರದ ಮಾತುಕತೆಯ ಮೇಜಿನಲ್ಲಿ ಅವನಿಗೆ ಕುರ್ಚಿ ಇರುವುದಿಲ್ಲ. ಅವನೂ ಬಹುಪಾಲು ಕಬ್ಬು ಬೆಳೆಗಾರನೇ ಆಗಿರುವುದರಿಂದ ಚಳವಳಿಯ ಎದುರು ನಿಲ್ಲಲೂ ಅವನಿಗೆ ಮನಸ್ಸಾಗುವುದಿಲ್ಲ.

ಯಂತ್ರದ ಆಗಮನ

ಗ್ಯಾಂಗುಗಳ ಕೊರತೆಗೆ ಉತ್ತರವಾಗಿ ಕಬ್ಬು ಕಟಾವು ಯಂತ್ರಗಳು ಬಂದಿವೆ. ಒಂದು ಯಂತ್ರದ ಬೆಲೆ ಕೋಟಿ ರೂಪಾಯಿಯ ಆಚೀಚೆ. ಮಹಾರಾಷ್ಟ್ರ ಸರ್ಕಾರ ಬೆಲೆಯ ಶೇ 40 ಅಥವಾ 35 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಸಹಾಯಧನದ ಯೋಜನೆ ತಂದಿತು. ಕರ್ನಾಟಕವೂ ಕಟಾವು ಯಂತ್ರಗಳಿಗೆ ಸಹಾಯಧನ ಕೊಡುತ್ತಿದೆ. ಯಂತ್ರ ಕಡಿದ ಕಬ್ಬು ತುಂಡುತುಂಡಾಗಿ, ರವದಿ (ಒಣ ಎಲೆ) ಬೆರೆತು ಬರುವುದರಿಂದ ಕಾರ್ಖಾನೆಗಳು ತೂಕದಲ್ಲಿ ಕೆಲವು ಶೇಕಡಾ ವಜಾ ಮಾಡುತ್ತವೆ. ತುಂಡಾದ ಕಬ್ಬು ಇನ್ನೂ ಬೇಗ ಕೆಡುತ್ತದೆ, ಹೀಗಾಗಿ ಸಾಗಣೆಯ ಅವಸರ ಇನ್ನೂ ಹೆಚ್ಚು. ಸಾಲು ಅಗಲವಿಲ್ಲದ ಸಣ್ಣ ಹಿಡುವಳಿಗಳಲ್ಲಿ, ಕೃಷ್ಣಾ ತೀರದ ಎರೆಮಣ್ಣು ಒದ್ದೆಯಾದಾಗ ಯಂತ್ರ ಇಳಿಯುವುದೂ ಇಲ್ಲ.

ಗುತ್ತಿಗೆದಾರರ ಮಟ್ಟಿಗೆ ಯಂತ್ರ ಎರಡು ಬಗೆಯ ಪರಿಣಾಮ ತಂದಿದೆ. ಮುಕಾದಮನ ಮೋಸದ ಭಯ ತಪ್ಪಿತು. ಆದರೆ ಸಾಲದ ಮೊತ್ತ ಹತ್ತು ಲಕ್ಷದಿಂದ ಕೋಟಿಗೆ ಏರಿತು. ಕೋಟಿಯ ಯಂತ್ರ ಕೊಳ್ಳಬಲ್ಲವರು ಕೆಲವರೇ. ಅವರಿಗೆ ಕಾರ್ಖಾನೆಯ ಖಾತರಿ, ವರ್ಷಕ್ಕೆ ಇಷ್ಟು ಟನ್ ಎಂಬ ಕೆಲಸದ ಭರವಸೆ ಇಲ್ಲದೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಒಂದು ಟ್ರ್ಯಾಕ್ಟರಿನ ಸಣ್ಣ ಗುತ್ತಿಗೆದಾರನ ಜಾಗದಲ್ಲಿ ಕೆಲವೇ ದೊಡ್ಡ ಗುತ್ತಿಗೆದಾರರು, ಇಲ್ಲವೇ ಕಾರ್ಖಾನೆಯವರೇ ನಿಲ್ಲುವ ದಿಕ್ಕಿಗೆ ಈ ಬದಲಾವಣೆ ಸಾಗುತ್ತಿದೆ.

ಬಲಾಬಲದ ಲೆಕ್ಕ

ಗಾಡಿಯ ಕಾಲದಲ್ಲಿ ಅಪರೂಪವಾಗಿದ್ದದ್ದು ಗಾಡಿ, ಸಹಕಾರಿ ಯುಗದಲ್ಲಿ ಗ್ಯಾಂಗ್, ಇಂದು ಯಂತ್ರ. ಅಪರೂಪದ ವಸ್ತು ಕೈಯಲ್ಲಿದ್ದ ಅಷ್ಟು ಕಾಲ ಗುತ್ತಿಗೆದಾರನಿಗೆ ಬೆಲೆ ಬಂದಿದೆ. ಆದರೆ ಆ ವಸ್ತುವನ್ನು ಕೈಗೆ ತಂದುಕೊಳ್ಳಲು ಬೇಕಾದ ಹಣ ಪ್ರತಿ ಸಲವೂ ಕಾರ್ಖಾನೆಯ ಮುಂಗಡದಿಂದಲೋ ಅದರ ಖಾತರಿಯಿಂದಲೋ ಬಂದದ್ದರಿಂದ ಬೆಲೆ ಬಲವಾಗಿ ಗಟ್ಟಿಗೊಳ್ಳಲಿಲ್ಲ. ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ವಾಹನ, ಗಿರಣಿ, ಮಾಲೀಕತ್ವ, ಮಾರುಕಟ್ಟೆ ಎಲ್ಲವೂ ಬದಲಾಗಿವೆ. ನಷ್ಟ ಯಾರ ಲೆಕ್ಕಕ್ಕೆ ಬೀಳಬೇಕು ಎಂಬ ಒಂದು ಸಂಗತಿ ಬದಲಾಗಿಲ್ಲ.

ಇದನ್ನು ಸರಿಪಡಿಸುವ ದಾರಿಗಳು ಕಾಣದವೇನಲ್ಲ. ಕಟಾವಿನ ಕೂಲಿಗೆ ಮಹಾರಾಷ್ಟ್ರದಲ್ಲಿರುವಂತೆ ಕರ್ನಾಟಕದಲ್ಲೂ ರಾಜ್ಯಮಟ್ಟದ ಒಪ್ಪಂದ ಆಗಬಹುದು. ಗ್ಯಾಂಗುಗಳ ಮತ್ತು ಮುಕಾದಮರ ನೋಂದಣಿ ಎರಡೂ ರಾಜ್ಯಗಳಿಗೆ ಒಂದೇ ಆದರೆ ಒಂದೇ ಗ್ಯಾಂಗಿಗೆ ಹಲವರ ಮುಂಗಡ ಬೀಳುವುದು ನಿಲ್ಲುತ್ತದೆ, ಕೂಲಿಕಾರನ ಸಾಲದ ಲೆಕ್ಕವೂ ಬೆಳಕಿಗೆ ಬರುತ್ತದೆ. ಸಾಗಣೆಯ ಕರಾರು, ದರದ ಹಂತ, ಕಡಿತದ ವಿವರ ರೈತನಿಗೂ ಗುತ್ತಿಗೆದಾರನಿಗೂ ಸಮಾನವಾಗಿ ಸಿಗುವಂತಾದರೆ ಇಬ್ಬರ ಸಂಶಯವೂ ಕಡಿಮೆಯಾಗುತ್ತದೆ. 14 ದಿನಗಳ ನಿಯಮ ರೈತನ ಹಣಕ್ಕೆ ಇರುವಂತೆ ಸಾಗಣೆಯ ಬಿಲ್ಲಿಗೂ ಅನ್ವಯವಾಗಬಹುದು. ಕಬ್ಬು ನಿಯಂತ್ರಣ ಮಂಡಳಿಯಲ್ಲಿ ಬೆಳೆಗಾರನ ಜೊತೆಗೆ ಸಾಗಣೆದಾರನಿಗೂ ಕಟಾವಿನ ಕೂಲಿಕಾರನಿಗೂ ದನಿ ಸಿಕ್ಕಾಗ, ಹೊಲದಿಂದ ಕಾಟಾದವರೆಗಿನ ಅಪಾಯ ಅದರಿಂದ ಲಾಭ ಪಡೆಯುವ ಎಲ್ಲರ ನಡುವೆ ಹಂಚಿಕೆಯಾಗಲು ಸಾಧ್ಯ.